ಉಪ್ಪಿಲ್ಲದ ಎಡೆ

ಶ್ರೀರಂಗಪಟ್ಟಣದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಇಪ್ಪತ್ತಾರು ವರ್ಷದಿಂದ ಪತ್ರ ಬರೆಯುತ್ತೇನೆ.
ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ಸಾಕಮ್ಮನ ಜಮೀನು,
ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಖರಾಬು,
ಭೂಮಿಯ ನಾಲ್ಕು ಅಂಚೂ ನನಗೆ ಬಾಯಿಪಾಠ.
ಸಮುದ್ರಕ್ಕೆ ಚೆಕ್ಕುಬಂದಿ ಹೇಗೆ ಬರೆಯುತ್ತಾರೆ
ಗೊತ್ತಿರಲಿಲ್ಲ.

ಮೂರು ಅರ್ಜಿ, ಎರಡು ನೆನಪೋಲೆ, ಒಂದು ಡಿ.ಡಿ.ಯ ಮೇಲೆ
ಮುಂಬಯಿಯ ದಫ್ತರದಿಂದ ಲಕೋಟೆ ಬಂತು.
ಒಳಗೆ ಒಂದೇ ಹಾಳೆ. ಹಡಗಿನ ಆಳುಗಳ ಪಟ್ಟಿ, ನಕಲು.
ಹಡಗಿನ ಹೆಸರಿನ ತಲೆ ಹುಳ ತಿಂದು
'ಷೈರ್' ಎಂಬ ಬಾಲ ಉಳಿದಿದೆ.
ಇಸವಿ ಸಾವಿರದ ಒಂಬೈನೂರು.
ನಲವತ್ತೊಂದನೇ ಸಾಲು:
ಮೇರಿ ಮ್ಯಾಡ್. ಊರು ಗಂಜಾಂ, ಮೈಸೂರು ಸೀಮೆ.

ಯಾವ ದೊರೆಸಾನಿಯಪ್ಪಾ ಇವಳು ಎಂದು ನಕ್ಕೆ.
ಆಮೇಲೆ ಬಾಯಿಬಿಟ್ಟು ಓದಿದೆ, ಮತ್ತೊಮ್ಮೆ,
ನಮ್ಮ ಕಡೆಯ ಎಳೆತದಲ್ಲಿ.
ಮರಿಮಾದ.
ನಮ್ಮಜ್ಜನ ಅಜ್ಜ.

ಮನೆಯ ಕಥೆ ಬೇರೆ ಇತ್ತು.
ಪ್ಲೇಗಿಗೆ ಹೆದರಿ ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿದ್ದಾಗ
ಹರಿಗೋಲು ಬಿಟ್ಟುಕೊಂಡು ಹೋದವನು ಬರಲಿಲ್ಲ.
ಬುಟ್ಟಿಯೊಂದೇ ಕರಿಘಟ್ಟದ ಕೆಳಗೆ ಸಿಕ್ಕಿತಂತೆ.
"ಮಡುವ್ಗೆ ಬಿದ್ದ ಕನ್ಲಾ," ಎನ್ನುತ್ತಿದ್ದಳು ಅಜ್ಜಿ,
"ಗಂಗಮ್ಮ ಮಡಿಕ್ಕಂಡ್ಲು."

ಮಾಲಯ ಅಮಾಸೆಗೆ ಹಿರೀಕರಿಗೆಲ್ಲ ಎಡೆ:
ಕಡುಬು, ಮೀನುಸಾರು, ಒಂದು ಕಟ್ಟು ಬೀಡಿ.
ಮರಿಮಾದನ ಎಲೆಗೆ ಮಾತ್ರ
ಬೇರೆ ಮಡಕೆ, ಉಪ್ಪಿಲ್ಲದ ಸಾರು.
ಯಾಕೆ ಅಂದರೆ, "ಅದು ಹಂಗೇಯ."
ಹೊಳೆಯಲ್ಲಿ ಹೋದವರಿಗೆ ಸಪ್ಪೆ ಇಡಬೇಕೇನೋ
ಎಂದುಕೊಂಡು ದೊಡ್ಡವನಾದೆ.

ವಯಸ್ಸು ಇಪ್ಪತ್ತೆಂಟು. ಎತ್ತರ ಐದಡಿ ಮೂರಂಗುಲ.
ಗುರುತು: ಎಡ ಮೊಣಕೈ ಕೆಳಗೆ ಹಚ್ಚೆ, ಮೀನು.
ಕೆಲಸ: ಬೆಂಕಿಯಾಳು.

ಎಮ್ಮೆಚರ್ಮದ ಬುಟ್ಟಿಯಲ್ಲಿ ಕುಕ್ಕರಗಾಲಲ್ಲಿ ಕೂತು
ಆಷಾಢದ ಕಾವೇರಿಯನ್ನು ಒಂದೇ ಹುಟ್ಟಿನಲ್ಲಿ ದಾಟಿಸುತ್ತಿದ್ದವನು,
ನೀರಿನ ಬಣ್ಣ ನೋಡಿ ಕೊಡಗಿನ ಮಳೆ ಹೇಳುತ್ತಿದ್ದವನು.
ಜಗತ್ತಿನ ಅಷ್ಟೂ ನೀರಿನ ಮೇಲೆ ಅವನು ಹೋಗುವಾಗ
ಕೊಟ್ಟ ಕೆಲಸ ನೋಡಿ:
ಹಡಗಿನ ಹೊಟ್ಟೆಯೊಳಗೆ ಕಲ್ಲಿದ್ದಲು ತುಂಬುವುದು.
ಕಿಟಕಿ ಇತ್ತೋ ಇಲ್ಲವೋ, ಪಟ್ಟಿಯಲ್ಲಿ ಆ ಕಲಂ ಇಲ್ಲ.
ಏಡನ್ ಕಂಡನೋ, ಸೂಯೆಜ್ ಕಂಡನೋ,
ತುಟಿಗಿಳಿದ ಬೆವರು ನೆಕ್ಕಿ
ಇದೇ ಕಡಲು ಎಂದುಕೊಂಡನೋ.

ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಸಂಬಳದಿಂದ ತಿಂಗಳಿಗೆ ನಾಲ್ಕು ರೂಪಾಯಿ ಊರಿಗೆ.
ಪಡೆಯುವವರು ಡೇವಿ ರಾಮ್. ಸಂಬಂಧ ಹೆಂಡತಿ.

ದೇವೀರಮ್ಮ!
ಅಂದರೆ ಗೊತ್ತಿತ್ತು.
ಕಡಲು ದಾಟಿದವನ ಮನೆಗೆ ಕುಲದ ಕಟ್ಟೆ ಹಾಕುವ
ತಪ್ಪುಕಾಣಿಕೆಗೆ ಹೆದರಿಯೋ, ಬೇರೆ ಯಾವುದಕ್ಕೋ,
ಬದುಕಿದ್ದ ಗಂಡನನ್ನು ಹೊಳೆಗೆ ಹಾಕಿ
ಊರ ಮುಂದೆ ಬಳೆ ಒಡೆದುಕೊಂಡು
ಹಿತ್ತಿಲ ಬಾಗಿಲಲ್ಲಿ ನಿಂತು
ಅಂಚೆಯವನನ್ನು ಕಾದಳು.

ಎಷ್ಟು ತಿಂಗಳು? ಹನ್ನೊಂದು.
ಹನ್ನೆರಡರ ಎದುರು ಬೇರೆ ಕೈ, ಬೇರೆ ಶಾಯಿ:
ಕಾರ್ಡಿಫಿನಲ್ಲಿ ಇಳಿದ. ಹಡಗು ಬಿಟ್ಟಾಗ ಇರಲಿಲ್ಲ.
ಅಷ್ಟೇ. ಮುಂದೆ ನಲವತ್ತೆರಡನೇ ಸಾಲು,
ಇನ್ಯಾರದೋ ಅಜ್ಜ.

ಆ ವರ್ಷದ ಮಾಲಯ ಅಮಾಸೆ,
ಕುದಿಯುವ ಸಾರಿನ ಮುಂದೆ ಕೂತು
ಉಪ್ಪಿನ ಮರಿಗೆಗೆ ಚಾಚಿದ ಕೈಯನ್ನು
ಅವಳು ವಾಪಸ್ ತೆಗೆದಿರಬೇಕು.

ಹಾಳೆಯ ಬುಡದಲ್ಲಿ ಹೆಬ್ಬೆಟ್ಟು.
ದಿನಕ್ಕೆ ನಲವತ್ತು ಹೆಬ್ಬೆಟ್ಟು ಒತ್ತಿಸುವವನು ನಾನು,
ಸುಳಿ ಯಾವುದು, ಶಂಖ ಯಾವುದು ನೋಡಿದರೆ ಹೇಳಬಲ್ಲೆ.
ಭೂತಗನ್ನಡಿ ಹಿಡಿದೆ, ಬೆಳಕಿಗೆ ಹಿಡಿದೆ,
ನನ್ನ ಬೆರಳು ಪಕ್ಕಕ್ಕಿಟ್ಟೆ.
ಒಂದು ಗೆರೆಯೂ ಇಲ್ಲ. ಬರೀ ಕರಿ ಮಚ್ಚೆ,
ಶಾಯಿಯದೋ ಇದ್ದಿಲಿನದೋ.

ಇವತ್ತು ಮಧ್ಯಾಹ್ನ ಕಿರಂಗೂರಿನ ಮುದುಕಿಯೊಬ್ಬಳು
ಮಗಳ ಹೆಸರಿಗೆ ಹನ್ನೆರಡು ಗುಂಟೆ ಬರೆಸಲು ಬಂದಳು.
ಕಾಗದಕ್ಕೆ ನೋವಾದೀತು ಎಂಬ ಹಾಗೆ
ಬೆರಳು ಸೋಕಿಸಿ ತೆಗೆದಳು.
"ಒತ್ತಮ್ಮೋ, ಗೆರೆ ಕಾಣೋ ಹಂಗೆ ಒತ್ತು."
"ಯಾರ್ ನೋಡ್ತರೆ ಬುಡಪ್ಪ," ಎಂದಳು.
ಕೈ ಹಿಡಿದು ನಾನೇ ಒತ್ತಿಸಿದೆ.